ಫೋನಿನ ಡಬ್ಬಿ ಎಸೆಯಬೇಡಿ

ಹೊಸ ಫೋನ್ ಮನೆಗೆ ಬಂದರೆ ಅದರ ಡಬ್ಬಿ ನಾಲ್ಕು ದಿನ ಕಪಾಟಿನ ಮೇಲೆ ಕೂತಿರುತ್ತದೆ. ಆಮೇಲೆ ಸೂಜಿ-ದಾರ ಇಡಲಿಕ್ಕೆ ಹೋಗುತ್ತದೆ, ಇಲ್ಲವೇ ಕಸಕ್ಕೆ. ಆ ಡಬ್ಬಿಯನ್ನು ತಿರುಗಿಸಿ ನೋಡಿ. ಕಪ್ಪು ಗೆರೆಗಳ ಚೀಟಿಯೊಂದು ಅಂಟಿರುತ್ತದೆ, ಗೆರೆಗಳ ಕೆಳಗೆ 15 ಅಂಕಿಗಳ ಸಂಖ್ಯೆ ಇರುತ್ತದೆ. ಅದೇ ಐಎಂಇಐ. ಮನೆಮಗಳು ಕಾಣೆಯಾದ ದಿನ ಠಾಣೆಗೆ ಕೈಯಲ್ಲಿ ಹಿಡಿದು ಹೋಗಬೇಕಾದದ್ದು ಅವಳ ಫೋಟೊ ಮತ್ತು ಈ ಚೀಟಿ.

ಅವಳನ್ನು ಪುಸಲಾಯಿಸಿ ಕರೆದೊಯ್ದವರು ಮೊದಲು ಸಿಮ್ ಕಿತ್ತೆಸೆಯುತ್ತಾರೆ. ನಂಬರು ಸತ್ತುಹೋಗುತ್ತದೆ, ಮನೆಯವರ ಕೈ ಸೋಲುತ್ತದೆ. ಆದರೆ ಫೋನನ್ನು ಎಸೆಯುವುದು ಕಡಿಮೆ, ಅದಕ್ಕೆ ಬೆಲೆಯಿದೆ. ಅದೇ ಫೋನಿಗೆ ಬೇರೆ ಸಿಮ್ ಬಿದ್ದಾಗ, ಹೊಸ ನಂಬರಿನ ಜೊತೆಗೆ ಹಳೆಯ ಐಎಂಇಐಯೂ ಸಿಮ್ ಕಂಪನಿಯ ದಾಖಲೆಗೆ ಸೇರುತ್ತದೆ. ಪೊಲೀಸರು ಕೇಳಿದರೆ ಕಂಪನಿ ಅದನ್ನು ಕೊಡಲೇಬೇಕು. ಟವರ್ ಮನೆ ನಂಬರು ಹೇಳುವುದಿಲ್ಲ. ಪೇಟೆಯಲ್ಲಿ ಕೆಲವು ನೂರು ಮೀಟರ್, ಬೀಳಗಿ ಕಡೆಯ ಬಯಲಿನಲ್ಲಿ ಕೆಲವು ಕಿಲೋಮೀಟರ್, ಅಷ್ಟೇ ಅದರ ಅಂದಾಜು. ಆದರೆ ದಾರಿ ತೋರಿಸುತ್ತದೆ. ಸಂಜೆ ಕುಡಚಿಯ ಟವರ್, ರಾತ್ರಿ ಮಿರಜ, ಬೆಳಿಗ್ಗೆ ಪುಣೆ ಎಂದು ಬಂದರೆ, ಅವಳು ರೈಲು ಹತ್ತಿದ್ದಾಳೆ ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಈ ದಾರಿ ನಮಗೆ ಹೊಸದೂ ಅಲ್ಲ. ಮುಧೋಳ, ಜಮಖಂಡಿ ಸೀಮೆಯಲ್ಲಿ ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಸಾಂಗಲಿ, ಪುಣೆ, ಮುಂಬೈಗಳಿಗೆ ಹೋದದ್ದು ಇದೇ ದಾರಿಯಲ್ಲಿ. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು ರಾಜ್ಯದಲ್ಲಿ 1982ರಲ್ಲೇ ಬಂತು. ಈಗ ಮುತ್ತೂ ಬೇಡ, ದೇವಿಯ ಗುಡ್ಡವೂ ಬೇಡ. ಕೆಲಸ ಕೊಡಿಸುತ್ತೇನೆ, ಮದುವೆ ಆಗುತ್ತೇನೆ ಎಂಬ ಇನ್‌ಸ್ಟಾಗ್ರಾಮ್ ಸಂದೇಶ ಸಾಕು. ಆ ಸಂದೇಶಗಳು ಮನೆಯ ಇನ್ನೊಂದು ಫೋನಿನಲ್ಲಿ ಉಳಿದಿದ್ದರೆ ಅಳಿಸಬೇಡಿ. ಸಿಟ್ಟಿನಲ್ಲಿ ಅವನ್ನು ಕಳಿಸಿದವನಿಗೆ ಉತ್ತರವನ್ನೂ ಬರೆಯಬೇಡಿ.

ಎಫ್‌ಐಆರ್ ಆಗದೆ ತನಿಖೆಗೆ ಬಲ ಬರುವುದಿಲ್ಲ. "ಎರಡು ದಿನ ನೋಡೋಣ, ಬಂದಾಳು" ಎಂಬ ಠಾಣೆಯವರ ಮಾತಿಗೆ ತಲೆಯಾಡಿಸಿ ಮನೆಗೆ ಬರಬೇಡಿ. ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಮಾನವ ಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಘಟನೆ ಮಹಾಲಿಂಗಪುರದಲ್ಲಿ ನಡೆದು ನೀವು ಮಿರಜದಲ್ಲಿದ್ದರೆ ಅಲ್ಲಿನ ಠಾಣೆಯಲ್ಲೇ ಜೀರೋ ಎಫ್‌ಐಆರ್ ಮಾಡಿಸಬಹುದು. ತುರ್ತಿಗೆ 112, ಮಕ್ಕಳಿಗೆ 1098, ಮಹಿಳೆಯರಿಗೆ 181, ರೈಲಿನಲ್ಲಿ ಸಂಶಯ ಬಂದರೆ 139.

ಠಾಣೆಗೆ ಹೋಗುವ ಮೊದಲೇ ಹುಡುಗಿಯ ಫೋಟೊ ಹತ್ತು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಿಬಿಡುವುದು ನನ್ನನ್ನು ಬಹಳ ಕಾಡುವ ಸಂಗತಿ. ಕರೆದೊಯ್ದವನೂ ಅದನ್ನು ನೋಡುತ್ತಾನೆ, ಅವಳನ್ನು ಇನ್ನೂ ದೂರಕ್ಕೆ ಸಾಗಿಸುತ್ತಾನೆ. ಅವಳು ಮರಳಿ ಬಂದ ಮೇಲೂ ಫೋಟೊ ಊರೂರು ತಿರುಗುತ್ತಲೇ ಇರುತ್ತದೆ. ಫೋಟೊ ಪೊಲೀಸರಿಗೆ ಕೊಡಿ, ಎಲ್ಲಿಗೆ ಹಂಚಬೇಕೆಂದು ಅವರು ನೋಡಲಿ.

ಇನ್ನೊಂದು ಸೂಕ್ಷ್ಮ ಘಳಿಗೆ ಬರುತ್ತದೆ. ವಾರವೋ ತಿಂಗಳೋ ಕಳೆದು, ಗೊತ್ತಿಲ್ಲದ ನಂಬರಿನಿಂದ ಅರ್ಧ ನಿಮಿಷದ ಕರೆ. "ಅವ್ವಾ" ಎಂದಷ್ಟೇ ಕೇಳಿ ಕಟ್ಟಾಗುತ್ತದೆ. ಯಾರದೋ ಫೋನು ಬೇಡಿ ಮಾಡಿದ ಕರೆಯದು. ತಾಯಿಯ ಕೈ ತಿರುಗಿ ಆ ನಂಬರು ಒತ್ತಲು ಹೋಗುತ್ತದೆ, ಒತ್ತಬಾರದು. ಅಷ್ಟರಲ್ಲಿ ಫೋನ್ ಯಾರ ಕೈ ಸೇರಿದೆಯೋ ಗೊತ್ತಿಲ್ಲ. ನಂಬರು, ಕರೆ ಬಂದ ಸಮಯ ಬರೆದುಕೊಂಡು ತಕ್ಷಣ ತನಿಖಾಧಿಕಾರಿಗೆ ತಿಳಿಸಿ. ಆ ಅರ್ಧ ನಿಮಿಷ ಯಾವ ಟವರಿನಿಂದ ಬಂತೆಂದು ಅವರು ತೆಗೆಸಬಲ್ಲರು.

ಫೋನಿನ ಸುಳಿವು ಸಿಗದಿದ್ದರೆ ಬೇರೆ ತಂತ್ರಗಳೂ ಇವೆ. ಮುಖ ಗುರುತಿಸುವ ತಂತ್ರಾಂಶ ಕಣ್ಣು, ಮೂಗು, ದವಡೆಗಳ ಲಕ್ಷಣಗಳನ್ನು ಅಂಕಿಗಳಾಗಿಸಿ, ಕಾಣೆಯಾದವರ ಫೋಟೊಗಳನ್ನು ಆಶ್ರಯಧಾಮಗಳಲ್ಲಿರುವ ಮಕ್ಕಳ ಫೋಟೊಗಳ ಜೊತೆ ಹೋಲಿಸುತ್ತದೆ. 2018ರಲ್ಲಿ ದೆಹಲಿ ಪೊಲೀಸರು ಸುಮಾರು 45,000 ಮಕ್ಕಳ ಫೋಟೊಗಳ ಮೇಲೆ ಇದನ್ನು ಪ್ರಯೋಗಿಸಿದಾಗ ನಾಲ್ಕು ದಿನಗಳಲ್ಲಿ 2,930 ಮಕ್ಕಳ ಗುರುತು ಸಿಕ್ಕಿತ್ತು. ಆದರೆ ಮಕ್ಕಳ ಮುಖ ಬೆಳೆಯುತ್ತಾ ಬದಲಾಗುತ್ತದೆ, ತಪ್ಪು ಹೊಂದಾಣಿಕೆಯೂ ಆಗುತ್ತದೆ. ಕೊನೆಗೆ ಮನುಷ್ಯರೇ ಕೂತು ಖಚಿತಪಡಿಸಬೇಕು.

ಬೆರಳಚ್ಚು ಇದಕ್ಕಿಂತ ಗಟ್ಟಿ. 2017ರಲ್ಲಿ ಬೆಂಗಳೂರಿನ ಆಶ್ರಯಧಾಮವೊಂದರ ಮಕ್ಕಳಿಗೆ ಆಧಾರ್ ಮಾಡಿಸಲು ಹೋದಾಗ ಕೆಲವರ ಅರ್ಜಿ ತಿರಸ್ಕೃತವಾಯಿತು. ಅವರ ಬೆರಳಚ್ಚು ಆಗಲೇ ದಾಖಲಾಗಿತ್ತು. ಹಾಗೆ ಹುಡುಕುತ್ತಾ ಹೋದಾಗ ಇಂದೋರಿನ ಹುಡುಗನೊಬ್ಬನ ಮನೆ ಸಿಕ್ಕಿತು. ತನ್ನ ಊರನ್ನು ತಾನೇ ಹೇಳಲಾಗದ ಹುಡುಗ ಅವನು. ಚಿಕ್ಕ ಮಗುವಿನ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ. 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಮತ್ತೊಮ್ಮೆ ಮಾಡಿಸಬೇಕು. ಬಹಳ ಮನೆಗಳಲ್ಲಿ ಇದು ಬಾಕಿ ಬಿದ್ದಿರುತ್ತದೆ.

ಸಾಗಣೆಯೆಂದರೆ ಹುಡುಗಿಯರದ್ದಷ್ಟೇ ಕಥೆಯೂ ಅಲ್ಲ. ಸಕ್ಕರೆ ಕಾರ್ಖಾನೆ ಶುರುವಾದರೆ ನಮ್ಮ ಹೊಲಗಳಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಮುಂಗಡ ಪಡೆದವರನ್ನು ಅದು ತೀರುವವರೆಗೆ ಹೋಗಗೊಡದೆ, ಹೊಡೆದು ದುಡಿಸಿದರೆ ಅದು ಜೀತ. 1976ರ ಕಾನೂನಿನ ಪ್ರಕಾರ ಜೀತದ ಸಾಲ ಅಲ್ಲಿಗೇ ರದ್ದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲ್ಲೂಕುಗಳು ಜಮಖಂಡಿ ಉಪವಿಭಾಗಾಧಿಕಾರಿಯ ವ್ಯಾಪ್ತಿಗೆ ಬರುತ್ತವೆ, ದೂರು ಅಲ್ಲಿಗೇ ಕೊಡಬಹುದು. ಕಬ್ಬಿನ ಹೊಲಕ್ಕೆ ವಿಳಾಸವೆಲ್ಲಿ? ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲೊಕೇಶನ್ನೇ ವಿಳಾಸ. ಗ್ಯಾಂಗು ಕರೆತಂದ ಮುಕಾದಮ ಫೋನ್‌ಪೇಯಲ್ಲಿ ಹಾಕಿದ ಮುಂಗಡ, ಅವನು ಬೆದರಿಸಿ ಕಳಿಸಿದ ಧ್ವನಿಸಂದೇಶ, ಎರಡೂ ಸಾಕ್ಷಿ. ಬಿಡುಗಡೆಯಾದವರಿಗೆ 30,000 ರೂಪಾಯಿವರೆಗೆ ತಕ್ಷಣದ ನೆರವು ಸಿಗುತ್ತದೆ. ಬಿಡುಗಡೆ ಪ್ರಮಾಣಪತ್ರ ಕೈಗೆ ಬರುವ ತನಕ ಬೆನ್ನು ಬಿಡಬಾರದು, ಮುಂದಿನ ಪುನರ್ವಸತಿಗೂ ಅದೇ ಆಧಾರ.

ಮರಳಿ ಬಂದ ಹುಡುಗಿಗೆ ಇನ್ನೊಂದು ಭಯ ಉಳಿದಿರುತ್ತದೆ: ಪುಣೆಯಲ್ಲೋ ಮುಂಬೈಯಲ್ಲೋ ಕೇಸು ನಡೆದರೆ ಸಾಕ್ಷಿ ಹೇಳಲು ಮತ್ತೆ ಅದೇ ಊರಿಗೆ ಹೋಗಬೇಕು. ಎಷ್ಟೋ ಮನೆಯವರು ಇದಕ್ಕೇ ಹೆದರಿ ಕೇಸು ಕೈಬಿಡುತ್ತಾರೆ. ಹೊರ ಊರಿನ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾದ, ಸಾಗಣೆಗೆ ಒಳಗಾದ ಮಕ್ಕಳು ತಮ್ಮ ಜಿಲ್ಲೆಯಿಂದಲೇ ವಿಡಿಯೊ ಮೂಲಕ ಹೇಳುವ ವಿಧಾನವನ್ನು ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ನಿರ್ದೇಶಿಸಿದೆ. ಸರ್ಕಾರಿ ವಕೀಲರನ್ನು ಕೇಳಿ, ಇಲ್ಲವೇ ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. 15100ಕ್ಕೆ ಕರೆ ಮಾಡಿದರೂ ಉಚಿತ ಕಾನೂನು ನೆರವಿನ ದಾರಿ ಸಿಗುತ್ತದೆ. ಅವಳು ಬೆಳಿಗ್ಗೆ ಮನೆಯಲ್ಲಿ ರೊಟ್ಟಿ ತಿಂದು, ಅವ್ವನ ಜೊತೆ ಹೋಗಿ ಪರದೆಯ ಮುಂದೆ ಕೂತು ಸಾಕ್ಷಿ ಹೇಳಿ, ಸಂಜೆಯೊಳಗೆ ಊರು ಸೇರಬಹುದು.