ಉನ್ನತ ಶಿಕ್ಷಣ ಸಂಸ್ಥೆಗಳ ಒಕ್ಕೂಟ ಮತ್ತು ಅಂತರಜಾಲ ಕಲಿಕೆ

ನಾಟಿ, ಕಳೆ, ಕೊಯ್ಲುಗಳ ಕಾಲದಲ್ಲಿ ರೈತ ಕುಟುಂಬಗಳು ಪರಸ್ಪರರ ಹೊಲಗಳಲ್ಲಿ ಸರದಿಯಂತೆ ದುಡಿಯುವ ಮುಯ್ಯಾಳು ಪದ್ಧತಿ ಕನ್ನಡ ನಾಡಿನ ಗ್ರಾಮಗಳಿಗೆ ಹೊಸದಲ್ಲ. ಒಂದು ಮನೆಯವರಿಂದ ಆಗದ ಕೆಲಸವನ್ನು ಹಲವು ಮನೆಯವರು ಕೂಡಿ ಮುಗಿಸುತ್ತಾರೆ. ಆದರೆ ಹೊಲವೂ ಬೆಳೆಯೂ ಅವರವರದೇ ಆಗಿ ಉಳಿಯುತ್ತವೆ. ಉನ್ನತ ಶಿಕ್ಷಣ ಕ್ಷೇತ್ರದಲ್ಲಿ ‘ಕನ್ಸಾರ್ಷಿಯಂ’ ಎಂದು ಕರೆಯಲಾಗುವ ಒಕ್ಕೂಟಗಳ ತತ್ತ್ವವೂ ಬಹುಮಟ್ಟಿಗೆ ಇದೇ ಆಗಿದೆ. ವಿಶ್ವವಿದ್ಯಾನಿಲಯಗಳು ತಮ್ಮ ಸ್ವಾಯತ್ತತೆಯನ್ನು ಬಿಟ್ಟುಕೊಡದೆ, ಪ್ರತ್ಯೇಕವಾಗಿ ನಿರ್ವಹಿಸಲು ದುಬಾರಿಯಾಗುವ ಸೇವೆಗಳನ್ನು ಮಾತ್ರ ಕೂಡಿ ನಡೆಸುತ್ತವೆ. ಪಾಠಗಳ ಚಿತ್ರೀಕರಣ, ಗ್ರಂಥಗಳ ಖರೀದಿ, ಸಂಪರ್ಕ ಜಾಲ, ಪರೀಕ್ಷೆ, ಅಂಕಗಳ ದಾಖಲೆ ಇವೆಲ್ಲ ಅಂತಹ ಸೇವೆಗಳು. ಇಂದು ಒಬ್ಬ ವಿದ್ಯಾರ್ಥಿ ಮನೆಯಲ್ಲಿ ಕುಳಿತು ಅಂತರಜಾಲದ ಮೂಲಕ ಒಂದು ವಿಷಯವನ್ನು ಕಲಿತು, ಅದರ ಅಂಕಗಳು ತನ್ನ ಪದವಿಗೆ ಸೇರ್ಪಡೆಯಾಗುವುದನ್ನು ಕಾಣುವಾಗ, ಅದರ ಹಿಂದೆ ಅವನು ಹೆಸರನ್ನೂ ಕೇಳಿರದ ಐದಾರು ಸಂಸ್ಥೆಗಳ ದುಡಿಮೆ ಇರುತ್ತದೆ.

ದೂರದರ್ಶನದಿಂದ ಆರಂಭ

ಭಾರತದಲ್ಲಿ ಈ ಬಗೆಯ ಸಹಯೋಗ ಅಂತರಜಾಲಕ್ಕಿಂತ ಹಳೆಯದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1984ರ ಆಗಸ್ಟ್ 15ರಂದು ಇನ್ಸಾಟ್-1ಬಿ ಉಪಗ್ರಹದ ನೆರವಿನಿಂದ ದೂರದರ್ಶನದಲ್ಲಿ ‘ರಾಷ್ಟ್ರವ್ಯಾಪಿ ತರಗತಿ’ ಕಾರ್ಯಕ್ರಮವನ್ನು ಆರಂಭಿಸಿತು. ಒಂದೇ ವಿಶ್ವವಿದ್ಯಾನಿಲಯವು ಪ್ರತಿದಿನವೂ ಪ್ರಸಾರಕ್ಕೆ ಬೇಕಾಗುವಷ್ಟು ಕಾರ್ಯಕ್ರಮಗಳನ್ನು ತಯಾರಿಸುವುದು ಅಸಾಧ್ಯವಾಗಿದ್ದುದರಿಂದ, ಬೇರೆ ಬೇರೆ ವಿಶ್ವವಿದ್ಯಾನಿಲಯಗಳಲ್ಲಿ ಮಾಧ್ಯಮ ಕೇಂದ್ರಗಳನ್ನು ಸ್ಥಾಪಿಸಿ ಕೆಲಸವನ್ನು ಹಂಚಲಾಯಿತು. ಈ ಕೇಂದ್ರಗಳ ಸಮನ್ವಯಕ್ಕಾಗಿ 1993ರಲ್ಲಿ ದೆಹಲಿಯಲ್ಲಿ ಶೈಕ್ಷಣಿಕ ಸಂವಹನ ಒಕ್ಕೂಟವು ಅಸ್ತಿತ್ವಕ್ಕೆ ಬಂದಿತು. ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ, ಮೈಸೂರು ಮುಂತಾದ ಕಡೆಗಳಲ್ಲಿರುವ ಅದರ ಮಾಧ್ಯಮ ಕೇಂದ್ರಗಳು ಇಂದು ಪದವಿ ತರಗತಿಗಳ ಅಂತರಜಾಲ ಪಾಠಗಳನ್ನು ಸಿದ್ಧಪಡಿಸುತ್ತಿವೆ. ಕ್ಯಾಮೆರಾ, ಸಂಕಲನ ಕೊಠಡಿ, ನುರಿತ ತಂತ್ರಜ್ಞರು ಎಲ್ಲವೂ ಮೊದಲೇ ಇದ್ದುದರಿಂದ ದೂರದರ್ಶನದಿಂದ ಅಂತರಜಾಲಕ್ಕೆ ಬದಲಾಗುವುದು ಅಷ್ಟು ಕಷ್ಟವಾಗಲಿಲ್ಲ.

ತಾಂತ್ರಿಕ ಶಿಕ್ಷಣದಲ್ಲಿ ಇದೇ ಕಾರ್ಯವನ್ನು ಏಳು ಭಾರತೀಯ ತಂತ್ರಜ್ಞಾನ ಸಂಸ್ಥೆಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೈಗೊಂಡವು. 2003ರಲ್ಲಿ ಆರಂಭವಾದ ‘ಎನ್‌ಪಿಟೆಲ್’ ಯೋಜನೆಯ ಉದ್ದೇಶ ಸರಳವಾಗಿತ್ತು. ದೇಶದಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ವೇಗವಾಗಿ ಹೆಚ್ಚಿದವು. ಆದರೆ ಅಷ್ಟೇ ವೇಗದಲ್ಲಿ ಅನುಭವಿ ಅಧ್ಯಾಪಕರು ದೊರೆಯಲಿಲ್ಲ. ಆದುದರಿಂದ ಮುಂಬಯಿ, ಮದ್ರಾಸು, ಖರಗ್‌ಪುರ, ಕಾನ್ಪುರ, ದೆಹಲಿ, ಗುವಾಹಟಿ, ರೂರ್ಕಿಗಳ ಪ್ರಾಧ್ಯಾಪಕರು ವಿಷಯಗಳನ್ನು ತಮ್ಮೊಳಗೆ ಹಂಚಿಕೊಂಡು, ಸಂಪೂರ್ಣ ಪಾಠಮಾಲೆಗಳನ್ನು ಚಿತ್ರೀಕರಿಸಿ ಎಲ್ಲರಿಗೂ ಮುಕ್ತವಾಗಿ ನೀಡಿದರು. 2014ರಿಂದ ಇವುಗಳಿಗೆ ಪರೀಕ್ಷೆ ಮತ್ತು ಪ್ರಮಾಣಪತ್ರದ ವ್ಯವಸ್ಥೆಯೂ ಸೇರಿತು. ಪಾಠ ಕೇಳುವುದು ಉಚಿತ. ಪರೀಕ್ಷೆಗೆ ಕುಳಿತುಕೊಳ್ಳುವವರು ಮಾತ್ರ ಶುಲ್ಕ ತೆರಬೇಕು. ಪರೀಕ್ಷೆಯು ಮೇಲ್ವಿಚಾರಕರ ಸಮ್ಮುಖದಲ್ಲಿ ನಿಗದಿತ ಕೇಂದ್ರದಲ್ಲಿಯೇ ನಡೆಯುತ್ತದೆ. ಮನೆಯಿಂದಲೇ ಬರೆಯಲು ಅವಕಾಶವಿಲ್ಲದಿರುವುದರಿಂದ ಕೆಲವರಿಗೆ ಅನನುಕೂಲವೆನಿಸಬಹುದು. ಆದರೆ ಬೇರೊಂದು ವಿಶ್ವವಿದ್ಯಾನಿಲಯವು ಈ ಅಂಕಗಳನ್ನು ನಂಬಿ ಸ್ವೀಕರಿಸುವುದಕ್ಕೆ ಈ ನಿಯಮವೇ ಆಧಾರ.

ಪ್ರಯೋಗಾಲಯಗಳ ವಿಚಾರದಲ್ಲಿಯೂ ಇಂತಹುದೇ ಹಂಚಿಕೆ ನಡೆದಿದೆ. 2009ರಲ್ಲಿ ಪ್ರಾರಂಭಗೊಂಡ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಅಭಿಯಾನದಡಿ, ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ‘ವರ್ಚುವಲ್ ಲ್ಯಾಬ್ಸ್’ ಎಂಬ ಗಣಕಯಂತ್ರದ ಪ್ರಯೋಗಾಲಯಗಳು ರೂಪುಗೊಂಡವು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಪುಣೆಯ ಇಂಜಿನಿಯರಿಂಗ್ ಕಾಲೇಜು, ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು ಇದರ ಪಾಲುದಾರರ ಪೈಕಿ ಇವೆ. ತೆರೆಯ ಮೇಲೆ ಮಾಡಿದ ಪ್ರಯೋಗವು ಕೈಯಾರೆ ಮಾಡಿದ ಪ್ರಯೋಗಕ್ಕೆ ಸಮವಾಗದು. ಆದರೂ ಉಪಕರಣವೇ ಇಲ್ಲದ ಕಾಲೇಜಿನಲ್ಲಿ ಪ್ರಯೋಗದ ಕ್ರಮವನ್ನಾದರೂ ಅರಿಯಲು ಇದು ನೆರವಾಗುತ್ತದೆ.

ಗ್ರಂಥಾಲಯದ ಹೊರೆ

ಅಂತರಜಾಲ ಕಲಿಕೆಯೆಂದರೆ ಉಪನ್ಯಾಸದ ಚಿತ್ರಗಳಷ್ಟೇ ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಉಪನ್ಯಾಸ ಮುಗಿದ ಮೇಲೆ ಓದಲು ಗ್ರಂಥವಿಲ್ಲದಿದ್ದರೆ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಒಕ್ಕೂಟಗಳ ಪ್ರಯೋಜನ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

ಸಂಶೋಧನಾ ನಿಯತಕಾಲಿಕೆಗಳ ಬೆಲೆ ವಿದೇಶಿ ಹಣದಲ್ಲಿ ನಿಗದಿಯಾಗುತ್ತದೆ ಮತ್ತು ವರ್ಷದಿಂದ ವರ್ಷಕ್ಕೆ ಏರುತ್ತದೆ. ಒಂದೊಂದು ಗ್ರಂಥಾಲಯವೂ ಪ್ರಕಾಶಕರೊಡನೆ ಪ್ರತ್ಯೇಕವಾಗಿ ವ್ಯವಹರಿಸುವಾಗ ಹೇಳಿದ ಬೆಲೆಯನ್ನು ಕೊಡುವುದು ಅಥವಾ ಪತ್ರಿಕೆಯನ್ನು ಕೈಬಿಡುವುದು ಇವೆರಡೇ ದಾರಿ. ಮುದ್ರಿತ ಪ್ರತಿಗಳ ಕಾಲದಲ್ಲಿ, 1988ರಲ್ಲಿ ದೆಹಲಿಯ ಗ್ರಂಥಾಲಯಗಳನ್ನು ಜೋಡಿಸಲೆಂದು ಆರಂಭವಾದ ಡೆಲ್‌ನೆಟ್‌ನಂತಹ ಜಾಲಗಳ ಮೂಲಕ ಗ್ರಂಥಾಲಯಗಳು ಪುಸ್ತಕಗಳನ್ನು ಎರವಲು ಪಡೆಯುತ್ತಿದ್ದವು. 1991ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಯೋಜನೆಯಾಗಿ ಆರಂಭವಾಗಿ, 1996ರಲ್ಲಿ ಅಂತರ ವಿಶ್ವವಿದ್ಯಾನಿಲಯ ಕೇಂದ್ರವಾದ ‘ಇನ್‌ಫ್ಲಿಬ್‌ನೆಟ್’ ಈ ಕಾರ್ಯಕ್ಕೆ ರಾಷ್ಟ್ರವ್ಯಾಪಿ ಸ್ವರೂಪ ನೀಡಿತು. ಈಗ ಗಾಂಧಿನಗರದಲ್ಲಿರುವ ಈ ಕೇಂದ್ರವು 2004ರಿಂದ ವಿಶ್ವವಿದ್ಯಾನಿಲಯಗಳ ಪರವಾಗಿ ಒಟ್ಟಾಗಿ ಪ್ರಕಾಶಕರೊಡನೆ ಮಾತುಕತೆ ನಡೆಸಿ ವಿದ್ಯುನ್ಮಾನ ಪತ್ರಿಕೆಗಳನ್ನು ಒದಗಿಸತೊಡಗಿತು. ತಾಂತ್ರಿಕ ಸಂಸ್ಥೆಗಳಿಗಾಗಿ 2003ರಲ್ಲಿ ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ‘ಇಂಡೆಸ್ಟ್’ ಎಂಬ ಮತ್ತೊಂದು ಒಕ್ಕೂಟ ರಚನೆಯಾಗಿತ್ತು. ಕಾಲೇಜುಗಳಿಗಾಗಿ ‘ಎನ್-ಲಿಸ್ಟ್’ ಬಂದಿತು. ಮೂರೂ ಬೇರೆ ಬೇರೆಯಾಗಿ ಒಂದೇ ಪ್ರಕಾಶಕರ ಬಾಗಿಲು ತಟ್ಟುತ್ತಿದ್ದುದರಿಂದ, 2015ರಲ್ಲಿ ಅವುಗಳನ್ನು ‘ಇ-ಶೋಧಸಿಂಧು’ ಎಂಬ ಹೆಸರಿನಲ್ಲಿ ಒಗ್ಗೂಡಿಸಲಾಯಿತು. ಒಕ್ಕೂಟಗಳಿಗೂ ಒಕ್ಕೂಟದ ಅಗತ್ಯ ಒದಗಿತೆನ್ನಬಹುದು.

ಈ ದಿಸೆಯಲ್ಲಿ ಅತಿ ದೊಡ್ಡ ಹೆಜ್ಜೆಯೆಂದರೆ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ಇದಕ್ಕೆ ಅನುಮೋದನೆ ನೀಡಿ, 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸಂಸ್ಥೆಗಳ ಅಂದಾಜು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರಿಗೆ ಲಭ್ಯವಾಗುವುದು ಯೋಜನೆಯ ಉದ್ದೇಶ. ಲೆಕ್ಕ ಹಾಕಿದರೆ ಒಬ್ಬರಿಗೆ ವರ್ಷಕ್ಕೆ ಸರಾಸರಿ 1,100 ರೂಪಾಯಿಗಳಷ್ಟಾಗುತ್ತದೆ. ಅನೇಕ ವಿದೇಶಿ ಪತ್ರಿಕೆಗಳಲ್ಲಿ ಒಂದೇ ಒಂದು ಲೇಖನವನ್ನು ಬಿಡಿಯಾಗಿ ಕೊಂಡರೆ ಇದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ.

ಆದರೆ ಒಂದು ಮುಖ್ಯ ಅಂಶವನ್ನು ಪೋಷಕರು ಮತ್ತು ವಿದ್ಯಾರ್ಥಿಗಳು ಗಮನಿಸಬೇಕು. ಈ ಮಂಜೂರಾತಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಹಾಗೂ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಪುಣೆ, ಚೆನ್ನೈ, ಹೈದರಾಬಾದ್‌ನಂತಹ ನಗರಗಳಲ್ಲಿ ಬಹುಸಂಖ್ಯೆಯ ವಿದ್ಯಾರ್ಥಿಗಳು ಓದುವ ಖಾಸಗಿ ಕಾಲೇಜುಗಳು ಈ ಪಟ್ಟಿಯೊಳಗೆ ಬಂದಿರಲಿಲ್ಲ. ಕಾಲೇಜನ್ನು ಆರಿಸುವಾಗ ಕಟ್ಟಡ, ವಸತಿ, ಉದ್ಯೋಗಾವಕಾಶಗಳ ಬಗ್ಗೆ ವಿಚಾರಿಸುವವರು, ಅದು ಯಾವ ಗ್ರಂಥಾಲಯ ಒಕ್ಕೂಟದ ಸದಸ್ಯತ್ವ ಹೊಂದಿದೆಯೆಂಬುದನ್ನು ವಿಚಾರಿಸುವುದು ವಿರಳ.

ಗುರುತಿನ ಪ್ರಶ್ನೆ

ಒಟ್ಟಾಗಿ ಕೊಂಡ ಪತ್ರಿಕೆಯನ್ನು ಓದುವ ಹಕ್ಕು ಯಾರಿಗಿದೆಯೆಂಬುದನ್ನು ಪ್ರಕಾಶಕರು ಹೇಗೆ ಅರಿಯುತ್ತಾರೆ? ಆರಂಭದಲ್ಲಿ ಇದಕ್ಕೆ ಸುಲಭ ಉಪಾಯವಿತ್ತು. ಕಾಲೇಜಿನ ಆವರಣದ ಗಣಕಯಂತ್ರಗಳ ವಿಳಾಸಸಂಖ್ಯೆಯನ್ನು ಪ್ರಕಾಶಕರಿಗೆ ತಿಳಿಸಲಾಗುತ್ತಿತ್ತು; ಆ ವಿಳಾಸದಿಂದ ಬಂದವರಿಗೆಲ್ಲ ಬಾಗಿಲು ತೆರೆಯುತ್ತಿತ್ತು. ವಿದ್ಯಾರ್ಥಿ ಮನೆಗೆ ಹೋದೊಡನೆ ಅದೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಕಾಲೇಜುಗಳು ಮುಚ್ಚಿದಾಗ ಈ ಕೊರತೆ ಎಲ್ಲರಿಗೂ ತಟ್ಟಿತು.

ಇದಕ್ಕೆ ಪರಿಹಾರವಾಗಿ ಇನ್‌ಫ್ಲಿಬ್‌ನೆಟ್ ಕೇಂದ್ರವು ‘ಇನ್‌ಫೆಡ್’ ಎಂಬ ಗುರುತು ದೃಢೀಕರಣ ಒಕ್ಕೂಟವನ್ನು ನಡೆಸುತ್ತಿದೆ. ಹಿಂದಿನ ಕಾಲದಲ್ಲಿ ಸಂಶೋಧಕರು ಪರಊರಿನ ಗ್ರಂಥಾಲಯಕ್ಕೆ ಹೋಗುವಾಗ ತಮ್ಮ ವಿಭಾಗದ ಮುಖ್ಯಸ್ಥರಿಂದ ಪರಿಚಯಪತ್ರವನ್ನು ಒಯ್ಯುತ್ತಿದ್ದರು. ಇನ್‌ಫೆಡ್ ಮಾಡುವ ಕೆಲಸವೂ ಅದೇ. ವಿದ್ಯಾರ್ಥಿಯು ಪ್ರಕಾಶಕರ ತಾಣಕ್ಕೆ ಹೋಗಿ ತನ್ನ ಸಂಸ್ಥೆಯ ಹೆಸರನ್ನು ಆರಿಸುತ್ತಾನೆ. ತಾಣವು ಅವನನ್ನು ಅವನ ಸಂಸ್ಥೆಯ ಪ್ರವೇಶ ಪುಟಕ್ಕೆ ಕಳುಹಿಸುತ್ತದೆ. ಅಲ್ಲಿ ಗುಪ್ತಪದವನ್ನು ನೀಡಿದಾಗ, ‘ಈತ ನಮ್ಮ ಸದಸ್ಯನು’ ಎಂಬ ಸಂದೇಶ ಮಾತ್ರ ಪ್ರಕಾಶಕರಿಗೆ ತಲಪುತ್ತದೆ; ಗುಪ್ತಪದವು ಅವರ ಕೈಗೆ ಸಿಗುವುದಿಲ್ಲ. ಪ್ರತಿಯೊಂದು ಪ್ರಕಾಶಕರಲ್ಲಿಯೂ ಪ್ರತ್ಯೇಕ ಖಾತೆ ತೆರೆಯುವ ತೊಂದರೆ ತಪ್ಪುತ್ತದೆ.

ಇಷ್ಟೆಲ್ಲ ಇದ್ದರೂ ಬಾಗಿಲು ತೆರೆಯಬೇಕಾದವರು ಕಾಲೇಜಿನ ಗ್ರಂಥಪಾಲಕರೇ. ಸದಸ್ಯರ ಪಟ್ಟಿಯಲ್ಲಿ ವಿದ್ಯಾರ್ಥಿಯ ಹೆಸರನ್ನು ಸೇರಿಸುವವರು, ಬಿಟ್ಟುಹೋದವರ ಹೆಸರನ್ನು ತೆಗೆಯುವವರು ಅವರು. ಗ್ರಂಥಪಾಲಕರ ಹುದ್ದೆಯೇ ಖಾಲಿಯಿರುವ ಕಾಲೇಜಿನಲ್ಲಿ ದೆಹಲಿ ಹಾಗೂ ಗಾಂಧಿನಗರಗಳು ಕೊಂಡುಕೊಟ್ಟ ಸಂಪತ್ತು ಕಣಜದಲ್ಲಿಯೇ ಉಳಿದುಬಿಡುತ್ತದೆ. ಇಲ್ಲಿ ಯಂತ್ರಕ್ಕಿಂತ ಮನುಷ್ಯನ ಕೊರತೆಯೇ ದೊಡ್ಡದು.

ಇದೇ ಕೇಂದ್ರದ ‘ಶೋಧಗಂಗಾ’ ಭಂಡಾರಕ್ಕೆ ಇಂತಹ ಯಾವ ನಿರ್ಬಂಧವೂ ಇಲ್ಲ. 2009ರ ನಿಯಮಾವಳಿಯ ನಂತರ ವಿಶ್ವವಿದ್ಯಾನಿಲಯಗಳು ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳನ್ನು ಇಲ್ಲಿಗೆ ಒಪ್ಪಿಸುತ್ತಿದ್ದು, ಯಾರು ಬೇಕಾದರೂ ಅವುಗಳನ್ನು ಓದಬಹುದು. ಕನ್ನಡದಲ್ಲಿ ರಚಿತವಾದ ಪ್ರಬಂಧಗಳೂ ಇದರಲ್ಲಿವೆ. ಮುಂಬಯಿ ಅಥವಾ ಮದ್ರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದ ಸಂಶೋಧಕರು ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ತಮ್ಮ ವಿಷಯದ ಮೇಲೆ ನಡೆದ ಕೆಲಸವನ್ನು ಅರಿಯಲು ಈಗ ಪ್ರತಿ ಬಾರಿಯೂ ರೈಲು ಹತ್ತಬೇಕಾಗಿಲ್ಲ.

‘ಸ್ವಯಂ’ ಮತ್ತು ಅಂಕಗಳ ವರ್ಗಾವಣೆ

ಬಿಡಿಬಿಡಿಯಾಗಿ ನಡೆಯುತ್ತಿದ್ದ ಪಾಠಗಳನ್ನು ಒಂದೇ ಕಡೆ ತರುವ ಸಲುವಾಗಿ 2017ರ ಜುಲೈ 9ರಂದು ‘ಸ್ವಯಂ’ ಲೋಕಾರ್ಪಣೆಗೊಂಡಿತು. ಇದರಲ್ಲಿ ವಿಷಯ ಹಂಚಿಕೆಯೇ ಒಂದು ಪಾಠ. ಇಂಜಿನಿಯರಿಂಗ್ ಎನ್‌ಪಿಟೆಲ್‌ಗೆ, ಪದವಿ ತರಗತಿಗಳು ಶೈಕ್ಷಣಿಕ ಸಂವಹನ ಒಕ್ಕೂಟಕ್ಕೆ, ಸ್ನಾತಕೋತ್ತರ ವಿಷಯಗಳು ಧನಸಹಾಯ ಆಯೋಗಕ್ಕೆ, ನಿರ್ವಹಣಾ ಶಾಸ್ತ್ರ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಗೆ, ಅಧ್ಯಾಪಕರ ತರಬೇತಿ ಚೆನ್ನೈನ ರಾಷ್ಟ್ರೀಯ ತಾಂತ್ರಿಕ ಶಿಕ್ಷಕರ ತರಬೇತಿ ಸಂಸ್ಥೆಗೆ, ಹೀಗೆ ರಾಷ್ಟ್ರೀಯ ಸಮನ್ವಯ ಸಂಸ್ಥೆಗಳಿಗೆ ಹೊಣೆಯನ್ನು ಒಪ್ಪಿಸಲಾಯಿತು. ಪ್ರತಿ ಪಾಠವೂ ದೃಶ್ಯ ಉಪನ್ಯಾಸ, ಓದುವ ಸಾಮಗ್ರಿ, ಸ್ವಯಂ ಮೌಲ್ಯಮಾಪನ, ಸಂದೇಹ ನಿವಾರಣೆಗೆ ಚರ್ಚೆ ಎಂಬ ನಾಲ್ಕು ಅಂಗಗಳನ್ನು ಹೊಂದಿರಬೇಕು. ಅಂತರಜಾಲ ದುರ್ಬಲವಾಗಿರುವ ಪ್ರದೇಶಗಳಿಗಾಗಿ ಅದೇ ದಿನ ‘ಸ್ವಯಂ ಪ್ರಭಾ’ ಹೆಸರಿನಲ್ಲಿ 32 ದೂರದರ್ಶನ ವಾಹಿನಿಗಳೂ ಆರಂಭವಾದವು. ಕಾರ್ಯಕ್ರಮಗಳನ್ನು ದಿನದಲ್ಲಿ ಹಲವು ಬಾರಿ ಮರುಪ್ರಸಾರ ಮಾಡುವುದರಿಂದ ತಮಗೆ ಅನುಕೂಲವಾದ ಹೊತ್ತಿನಲ್ಲಿ ನೋಡಬಹುದು. ಎನ್‌ಪಿಟೆಲ್‌ನ ಅನೇಕ ಪಾಠಗಳ ಬರಹರೂಪ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ದೊರೆಯುತ್ತಿದೆ. ಆದರೆ ಪರಿಭಾಷೆ ಎಲ್ಲ ಕಡೆಯೂ ಒಂದೇ ತೆರನಾಗಿಲ್ಲ. ಒಂದೇ ಇಂಗ್ಲಿಷ್ ಪದಕ್ಕೆ ಎರಡು ಪಾಠಗಳಲ್ಲಿ ಎರಡು ಕನ್ನಡ ಪದಗಳು ಬಂದರೆ ಅಚ್ಚರಿಯಿಲ್ಲ.

ವಿದ್ಯಾರ್ಥಿಯ ಭವಿಷ್ಯಕ್ಕೆ ನೇರವಾಗಿ ಸಂಬಂಧಿಸಿದ ಪ್ರಶ್ನೆಯೆಂದರೆ ಈ ಅಂಕಗಳು ಪದವಿಗೆ ಸಲ್ಲುತ್ತವೆಯೇ ಎಂಬುದು. 2016ರ ನಿಯಮಾವಳಿಯಂತೆ ಒಂದು ಸೆಮಿಸ್ಟರ್‌ನ ಪಾಠಗಳಲ್ಲಿ ಶೇಕಡಾ 20ರಷ್ಟನ್ನು ಸ್ವಯಂ ಮೂಲಕ ಕಲಿಯಲು ಅವಕಾಶವಿತ್ತು. 2021ರಲ್ಲಿ ಈ ಮಿತಿಯನ್ನು ಶೇಕಡಾ 40ಕ್ಕೆ ಏರಿಸಲಾಯಿತು. ಪಾಠ ನೀಡುವ ಅಧ್ಯಾಪಕರ ಸಂಸ್ಥೆಯನ್ನು ಆತಿಥೇಯ ಸಂಸ್ಥೆಯೆಂದೂ ವಿದ್ಯಾರ್ಥಿ ದಾಖಲಾಗಿರುವ ಸಂಸ್ಥೆಯನ್ನು ಮಾತೃಸಂಸ್ಥೆಯೆಂದೂ ಕರೆಯಲಾಗುತ್ತದೆ. ಮೌಲ್ಯಮಾಪನ ಆತಿಥೇಯ ಸಂಸ್ಥೆಯದು. ಅಂಕಪಟ್ಟಿಯಲ್ಲಿ ಸೇರಿಸುವುದು ಮಾತೃಸಂಸ್ಥೆಯ ಕರ್ತವ್ಯ. ಇದು ನಡೆಯಬೇಕಾದರೆ ಮಾತೃಸಂಸ್ಥೆಯ ವಿದ್ಯಾವಿಷಯಕ ಮಂಡಳಿ ಆ ಪಾಠಕ್ಕೆ ಮೊದಲೇ ಒಪ್ಪಿಗೆ ನೀಡಿರಬೇಕು. ಒಪ್ಪಿಗೆಯಿಲ್ಲದ ಪಾಠಕ್ಕೆ ಸೇರಿ, ಹನ್ನೆರಡು ವಾರ ಶ್ರಮಿಸಿ, ಶುಲ್ಕ ತೆತ್ತು ಪರೀಕ್ಷೆಯಲ್ಲಿ ಉತ್ತೀರ್ಣನಾದ ವಿದ್ಯಾರ್ಥಿಗೆ ಪ್ರಮಾಣಪತ್ರ ದೊರೆಯುತ್ತದೆ, ಆದರೆ ಪದವಿಗೆ ಬೇಕಾದ ಕ್ರೆಡಿಟ್ ದೊರೆಯದೆ ಹೋಗಬಹುದು. ಅಂತಿಮ ವರ್ಷದಲ್ಲಿ ಹೀಗಾದರೆ ಒಂದು ಇಡೀ ವರ್ಷವೇ ನಷ್ಟವಾಗುವ ಸಂಭವವಿದೆ.

ಸಂಸ್ಥೆಗಳ ನಡುವಿನ ಈ ಲೆಕ್ಕಾಚಾರಕ್ಕಾಗಿಯೇ 2021ರ ಜುಲೈಯಲ್ಲಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ನಿಯಮಾವಳಿ ಜಾರಿಗೆ ಬಂದಿತು. ಬ್ಯಾಂಕಿನ ಖಾತೆಯಂತೆಯೇ ಇಲ್ಲಿ ವಿದ್ಯಾರ್ಥಿಯ ಕ್ರೆಡಿಟ್‌ಗಳು ಜಮೆಯಾಗುತ್ತವೆ. ವ್ಯತ್ಯಾಸವೆಂದರೆ ಜಮೆ ಮಾಡುವವನು ಖಾತೆದಾರನಲ್ಲ. ಪಾಠ ನೀಡಿದ ಸಂಸ್ಥೆಯೇ ನೇರವಾಗಿ ದಾಖಲಿಸುತ್ತದೆ. ಆದುದರಿಂದ ತಿದ್ದಿದ ಅಂಕಪಟ್ಟಿಗೆ ಎಡೆಯಿರುವುದಿಲ್ಲ. ಜಮೆಯಾದ ಕ್ರೆಡಿಟ್ ಗರಿಷ್ಠ ಏಳು ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ತಂದೆಯ ವರ್ಗಾವಣೆಯಿಂದಾಗಿ ಹೈದರಾಬಾದಿನಿಂದ ಮುಂಬಯಿಗೆ ಬಂದು ಓದು ಮುಂದುವರಿಸಬೇಕಾದ ವಿದ್ಯಾರ್ಥಿನಿಗೆ ಇದು ಸಣ್ಣ ಅನುಕೂಲವೇನಲ್ಲ. ಎರಡೂ ಸಂಸ್ಥೆಗಳು ಈ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿರುವುದು ಮಾತ್ರ ಅಗತ್ಯ. ಖಾತೆಯನ್ನು ಡಿಜಿಲಾಕರ್ ಮೂಲಕ ತೆರೆಯಬಹುದು.

ಅನೇಕ ಕಾಲೇಜುಗಳು ಎನ್‌ಪಿಟೆಲ್‌ನ ಸ್ಥಳೀಯ ಘಟಕಗಳಾಗಿ ಸೇರಿ, ಒಬ್ಬ ಅಧ್ಯಾಪಕರನ್ನು ಸಂಪರ್ಕಾಧಿಕಾರಿಯನ್ನಾಗಿ ನೇಮಿಸಿವೆ. ವಾರವಾರದ ಅಭ್ಯಾಸಗಳನ್ನು ಸಲ್ಲಿಸಲು ನೆನಪಿಸುವುದು, ಅರ್ಥವಾಗದ ಭಾಗವನ್ನು ವಿವರಿಸುವುದು, ಸಮೀಪದ ಪರೀಕ್ಷಾ ಕೇಂದ್ರವನ್ನು ತಿಳಿಸುವುದು ಈ ಅಧ್ಯಾಪಕರಿಂದ ನಿರೀಕ್ಷಿಸಲಾಗುವ ನೆರವು. ಒಂಟಿಯಾಗಿ ಪಾಠಕ್ಕೆ ಸೇರಿ ಮೂರನೆಯ ವಾರಕ್ಕೇ ಕೈಬಿಡುವವರು ಬಹಳ. ಸ್ವಯಂ ಪಾಠಗಳು ಮುಖ್ಯವಾಗಿ ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಆರಂಭವಾಗುವುದರಿಂದ, ಆ ಮುನ್ನವೇ ವಿದ್ಯಾರ್ಥಿಗಳು ಈ ಸಂಪರ್ಕಾಧಿಕಾರಿಯನ್ನು ಕಂಡು, ತಾವು ಆರಿಸಿದ ಪಾಠವು ತಮ್ಮ ವಿಶ್ವವಿದ್ಯಾನಿಲಯದ ಅನುಮೋದಿತ ಪಟ್ಟಿಯಲ್ಲಿದೆಯೇ, ಅದಕ್ಕೆ ಎಷ್ಟು ಕ್ರೆಡಿಟ್ ನೀಡಲಾಗುತ್ತದೆ ಎಂಬುದನ್ನು ಲಿಖಿತವಾಗಿ ತಿಳಿದುಕೊಂಡು, ನಂತರ ನೋಂದಣಿ ಮಾಡಿಸುವುದು ಸೂಕ್ತ.