ಕೆರೆ, ಕೋಡಿ, ನೀರುಗಂಟಿ: ಉತ್ತರ ಬೆಂಗಳೂರಿನ ಜನಪದ ಜಲಜ್ಞಾನ

ಹವಾಮಾನ ಬದಲಾವಣೆಯನ್ನು ಎದುರಿಸಲು ನಗರಗಳಿಗೆ ‘ಹಸಿರು ಮೂಲಸೌಕರ್ಯ’ ಬೇಕೆಂಬ ಮಾತು ಇಂದು ವ್ಯಾಪಕವಾಗಿ ಕೇಳಿಬರುತ್ತಿದೆ. ಮಳೆನೀರನ್ನು ಕಾಂಕ್ರೀಟು ಚರಂಡಿಗಳ ಮೂಲಕ ಕೂಡಲೇ ಹೊರಸಾಗಿಸುವ ಬದಲು ಕೆರೆ, ಜೌಗು, ತೋಪುಗಳಲ್ಲಿ ತಡೆದು, ಇಂಗಿಸಿ, ನಿಧಾನವಾಗಿ ಹರಿಯಬಿಡುವುದು ಇದರ ತಿರುಳು. ಚೀನಾ ದೇಶ 2013ರ ತರುವಾಯ ‘ಸ್ಪಂಜು ನಗರ’ ಎಂಬ ಹೆಸರಿನಲ್ಲಿ ಕೈಗೊಂಡ ಕಾರ್ಯವೂ ಇದೇ ಬಗೆಯದು. ನಮ್ಮ ಬಯಲುಸೀಮೆಯ ಜನಪದರಿಗೆ ಇದು ಹೊಸ ಅರಿವಲ್ಲ. ಆ ಅರಿವಿನ ಸ್ವರೂಪವೇನು, ಇಂದಿನ ಕೆರೆ ಪುನಶ್ಚೇತನದಲ್ಲಿ ಅದರ ಯಾವ ಅಂಗ ಬಿಟ್ಟುಹೋಗಿದೆ ಎಂಬುದನ್ನು ಉತ್ತರ ಬೆಂಗಳೂರಿನ ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿಗೆ ಜೀವನದಿಯಿಲ್ಲ. ಹೀಗಾಗಿ ಇಳಿಜಾರನ್ನು ಅನುಸರಿಸಿ ಸರಣಿ ಕೆರೆಗಳು ನಿರ್ಮಾಣಗೊಂಡವು. ಯಲಹಂಕ, ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಇಂತಹ ಒಂದು ಸರಣಿಗೆ ಸೇರಿದವು. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಒಳಹರಿವು. ಏರಿ ನೀರನ್ನು ತಡೆಯುತ್ತದೆ, ತೂಬು ಅಚ್ಚುಕಟ್ಟಿಗೆ ಹರಿಸುತ್ತದೆ, ಕೋಡಿ ಹೆಚ್ಚುವರಿ ನೀರಿಗೆ ದಾರಿ ಬಿಡುತ್ತದೆ, ಗುಂಡುತೋಪು ನೆರಳನ್ನು ನೀಡುತ್ತದೆ. ಸ್ಥಳನಾಮಗಳೂ ಈ ವ್ಯವಸ್ಥೆಗೆ ಸಾಕ್ಷಿ. ಅಲ್ಲಾಳಸಂದ್ರ, ದೊಡ್ಡಬೊಮ್ಮಸಂದ್ರಗಳಲ್ಲಿನ ‘ಸಂದ್ರ’ವು ದೊಡ್ಡ ಕೆರೆ ಎಂಬರ್ಥದ ‘ಸಮುದ್ರ’ದ ತದ್ಭವ. ಯಶವಂತಪುರದ ನೆರೆಯ ಮತ್ತಿಕೆರೆ ತನ್ನ ಹೆಸರಿನಲ್ಲೇ ಕೆರೆಯನ್ನು ಉಳಿಸಿಕೊಂಡಿದೆ.

ಈ ರಚನೆಗಳು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡುತ್ತಿರಲಿಲ್ಲ. ತೂಬು ಎತ್ತುವುದು, ಸರದಿಯಂತೆ ನೀರು ಹಂಚುವುದು, ಮಳೆಗಾಲದಲ್ಲಿ ಏರಿ ಮತ್ತು ಕೋಡಿಯನ್ನು ಕಾಯುವುದು ನೀರುಗಂಟಿಯ ಹೊಣೆಯಾಗಿತ್ತು. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯ ಅವನ ಸಂಭಾವನೆ. ಬೇಸಿಗೆಯಲ್ಲಿ ತೆಗೆದ ಹೂಳು ಹೊಲಗಳಿಗೆ ಗೊಬ್ಬರವಾಗುತ್ತಿತ್ತು. ಕೆರೆ ಕಟ್ಟಿದವರಿಗೂ ಕಾಪಾಡಿದವರಿಗೂ ಭೂಮಿ ಕೊಟ್ಟುದನ್ನು ಶಾಸನಗಳು ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಎಂಬ ಪದಗಳಿಂದ ಸೂಚಿಸುತ್ತವೆ. ಕೆರೆ ತುಂಬಿ ಕೋಡಿ ಬಿದ್ದಾಗ ನಡೆಯುವ ಗಂಗಾಪೂಜೆ ಊರಿನವರೆಲ್ಲರನ್ನೂ ಏರಿಯ ಮೇಲೆ ಸೇರಿಸುತ್ತದೆ. ಆದರೆ ಜನಪದವು ಕೆರೆಯನ್ನು ಕೇವಲ ಸೌಹಾರ್ದದ ತಾಣವಾಗಿ ಚಿತ್ರಿಸಿಲ್ಲ. ‘ಕೆರೆಗೆ ಹಾರ’ ಲಾವಣಿಯಲ್ಲಿ ನೀರಿಗಾಗಿ ಬಲಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಊರಿನ ಹಿತದ ಬೆಲೆಯನ್ನು ದನಿಯಿಲ್ಲದವರು ತೆರುತ್ತಾರೆಂಬ ಸತ್ಯ ಅಲ್ಲಿ ಅಡಗಿದೆ.

ಅಚ್ಚುಕಟ್ಟು ಬಡಾವಣೆಯಾದಾಗ ನೀರುಗಂಟಿಯ ಕಾಯಕ ಅನವಶ್ಯಕವೆನಿಸಿತು. ರಾಜಕಾಲುವೆಗಳು ಕಿರಿದಾದವು, ಹಲವೆಡೆ ಕೊಳಚೆಯ ದಾರಿಗಳಾದವು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಯಿತು. ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಸ್ಥಿತಿ ಮರುಕಳಿಸಿತು. ಅದೇ ವರ್ಷದ ಬೇಸಿಗೆಯಲ್ಲಿ ನಗರ ತೀವ್ರ ನೀರಿನ ಅಭಾವಕ್ಕೆ ಗುರಿಯಾಗಿತ್ತು. ನೆರೆ ಮತ್ತು ಬರ ಇಲ್ಲಿ ಒಂದೇ ವಿಸ್ಮೃತಿಯ ಎರಡು ಮುಖಗಳು.

ಈ ದೃಷ್ಟಿಯಿಂದ ಸುಮಾರು 160 ಎಕರೆಯ ಜಕ್ಕೂರು ಕೆರೆ ಗಮನಾರ್ಹ. ಅದರ ಮೇಲ್ಭಾಗದಲ್ಲಿ ಆರಂಭದಲ್ಲಿ ದಿನಕ್ಕೆ 1 ಕೋಟಿ ಲೀಟರು ಸಾಮರ್ಥ್ಯದ ಕೊಳಚೆ ಸಂಸ್ಕರಣ ಘಟಕ ಸ್ಥಾಪಿತವಾಯಿತು. ಸಂಸ್ಕರಿತ ನೀರು ನಿರ್ಮಿತ ಜೌಗುಪ್ರದೇಶವನ್ನು ಹಾಯ್ದು ಕೆರೆಗೆ ಸೇರುತ್ತದೆ. ಅಲ್ಲಿಯ ಜೊಂಡು ಮೊದಲಾದ ಸಸ್ಯಗಳು ನೀರಿನಲ್ಲುಳಿದ ಸಾರಜನಕ, ರಂಜಕಗಳನ್ನು ಹೀರುತ್ತವೆ. ಕೆರೆಯಲ್ಲಿ ನಿಂತ ನೀರು ಅಂತರ್ಜಲವನ್ನು ಪೋಷಿಸುತ್ತದೆ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಇವು ಮೆಚ್ಚತಕ್ಕ ಯತ್ನಗಳು. ಆದರೆ ನಗರದ ಬಹುಪಾಲು ಕಡೆ ಪುನಶ್ಚೇತನವೆಂದರೆ ಬೇಲಿ, ನಡಿಗೆಪಥ, ದೀಪಗಳೆಂದೇ ಅರ್ಥ. ಬೇಲಿ ಬಂದಾಗ ದನ ಮೇಯಿಸುವವರು, ಬಟ್ಟೆ ಒಗೆಯುವವರು ಹೊರಗುಳಿಯುತ್ತಾರೆ. ಭಾಗೀರಥಿಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ.

ಒಟ್ಟಿನಲ್ಲಿ, ಕೆರೆಯೊಂದನ್ನು ಸರಣಿಯಿಂದ ಬೇರ್ಪಡಿಸಿ ಉಳಿಸಲಾಗದು. ಕಾಯುವವರಿಲ್ಲದೆ ಸರಣಿಯನ್ನೂ ಉಳಿಸಲಾಗದು. ಕೋಡಿಯಿಂದ ಕೋಡಿಗೆ ಹೊಣೆಹೊರುವ, ಸಂಬಳ ಮತ್ತು ಅಧಿಕಾರ ಎರಡನ್ನೂ ಪಡೆದ ಇಂದಿನ ನೀರುಗಂಟಿಯೊಬ್ಬ ನಗರಕ್ಕೆ ಬೇಕು. ಹಳೆಯ ಕಾಲುವೆಯ ಜಾಡು, ಕೋಡಿಯ ಮಟ್ಟ, ನೀರಿನ ಸರದಿ ಇವನ್ನು ಬಲ್ಲ ಹಿರಿಯರು ಉತ್ತರ ಬೆಂಗಳೂರಿನ ಹಳ್ಳಿಗೇರಿಗಳಲ್ಲಿ ವಿರಳವಾಗುತ್ತಿದ್ದಾರೆ. ಅವರ ನೆನಪನ್ನು ದಾಖಲಿಸಿ ನಗರ ಯೋಜಕರ ನಕ್ಷೆಯೊಡನೆ ಜೋಡಿಸುವುದು ಜಾನಪದ ಅಧ್ಯಯನಕ್ಕೆ ಒದಗಿರುವ ತುರ್ತು ಕರ್ತವ್ಯ.