ಹುಲಿಯೂರುದುರ್ಗದಲ್ಲಿ ಎಲೆ ಉದುರುವ ಕಾಲ

ದಸರೆ ರಜೆಗೆ ಮಕ್ಕಳನ್ನು ಕರೆದುಕೊಂಡು ಹುಲಿಯೂರುದುರ್ಗಕ್ಕೆ ಹೋದರೆ ಹಣ್ಣೆಲೆ ನೋಡಲು ಸಿಗುವುದಿಲ್ಲ. ಆಗ ಬೆಟ್ಟವೆಲ್ಲ ಹಸಿರೋ ಹಸಿರು. ತುಮಕೂರು ಜಿಲ್ಲೆಯ ಈ ಭಾಗಕ್ಕೆ ಸೆಪ್ಟೆಂಬರ್, ಅಕ್ಟೋಬರ್ ಗಟ್ಟಿ ಮಳೆಯ ತಿಂಗಳು. ಬಂಡೆಯ ಸಂದಿಯಲ್ಲೂ ಹುಲ್ಲು ಮೊಳಕಾಲುದ್ದ ಬೆಳೆದು ನಿಂತಿರುತ್ತದೆ. ಎಲೆ ಬಣ್ಣ ತಿರುಗುವುದನ್ನು ನೋಡಬೇಕಾದರೆ ಸಂಕ್ರಾಂತಿ ಕಳೆಯಲಿ. ಅಲ್ಲಿಂದ ಯುಗಾದಿಯವರೆಗೆ ಈ ಊರಿನ ಬೆಟ್ಟದ ತಪ್ಪಲು, ಕೆರೆ ಏರಿ, ಹೊಲದ ಬದುಗಳೆಲ್ಲ ವಾರಕ್ಕೊಂದು ಬಣ್ಣ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಕುಣಿಗಲ್‌ನಿಂದ ದಕ್ಷಿಣಕ್ಕೆ ಮದ್ದೂರು ರಸ್ತೆ ಹಿಡಿದರೆ ಸುಮಾರು 22 ಕಿಲೋಮೀಟರ್‌ಗೆ ಹುಲಿಯೂರುದುರ್ಗ. ಈಗ ಕುಣಿಗಲ್ ತಾಲ್ಲೂಕಿನ ಹೋಬಳಿ ಕೇಂದ್ರ. ಮೈಸೂರು ಸಂಸ್ಥಾನದ ಕಾಲದಲ್ಲಿ ಇದೇ ಒಂದು ತಾಲ್ಲೂಕಾಗಿತ್ತು. ಊರಿಗೆ ಇನ್ನೂ ದೂರವಿರುವಾಗಲೇ ಬೆಟ್ಟ ಕಾಣಿಸಿಕೊಳ್ಳುತ್ತದೆ. ಬಟ್ಟಲನ್ನು ಕವುಚಿಟ್ಟ ಹಾಗಿದೆ ಎಂದು ಹಳೆಯ ಗೆಜೆಟಿಯರ್ ಅದನ್ನು ವರ್ಣಿಸಿದೆ. ಊರವರು ಅದನ್ನು ಕುಂಭಿ ಬೆಟ್ಟ ಎನ್ನುತ್ತಾರೆ. ಪಕ್ಕದಲ್ಲೇ ಹೇಮಗಿರಿ. ಬೆಂಗಳೂರಿನ ಸುತ್ತಲಿನ ನವದುರ್ಗಗಳ ಪಟ್ಟಿಯಲ್ಲಿ ಸಾವನದುರ್ಗ, ಹುತ್ರಿದುರ್ಗ, ದೇವರಾಯನದುರ್ಗಗಳ ಜೊತೆ ಹುಲಿಯೂರುದುರ್ಗವೂ ಸೇರಿದೆ.

ಕೋಟೆ ಮಾಗಡಿ ಕೆಂಪೇಗೌಡರ ಕಾಲದ್ದೆಂದು ಪ್ರತೀತಿ. 1791ರಲ್ಲಿ, ಮೂರನೇ ಮೈಸೂರು ಯುದ್ಧದಲ್ಲಿ, ಕಾರ್ನ್‌ವಾಲಿಸ್‌ನ ಸೈನ್ಯ ಇದನ್ನು ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡಿತು. ಆ ಕೋಟೆಯಲ್ಲಿ ಉಳಿದಿರುವ ಗೋಡೆಗಳನ್ನು ನೋಡಲೂ ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಪೊದೆ, ಬಳ್ಳಿ, ಹುಲ್ಲು ಸೇರಿಕೊಂಡು ಕಲ್ಲಿನ ಸಾಲುಗಳನ್ನು ಮುಚ್ಚಿಬಿಡುತ್ತವೆ. ಮಾಘ ಮಾಸದಲ್ಲಿ ಎಲೆ ಉದುರಿದ ಮೇಲೆ ಗೋಡೆ ಎಲ್ಲಿ ಏರಿತು, ಎಲ್ಲಿ ಬಂಡೆಯನ್ನೇ ಗೋಡೆ ಮಾಡಿಕೊಂಡಿತು ಎಂಬುದು ಕೆಳಗೆ ನಿಂತವರಿಗೂ ಕಾಣುತ್ತದೆ. ಇತಿಹಾಸದ ಪಾಠ ಓದುವ ಮಕ್ಕಳಿಗೆ ತೋರಿಸಬೇಕಾದದ್ದು ಇದು.

ಎಲೆ ಉದುರುವುದಕ್ಕೂ ಇಲ್ಲಿ ಒಂದು ಕ್ರಮವಿದೆ. ಅದು ಬೆಟ್ಟದ ನೆತ್ತಿಯಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ. ಮೇಲೆ, ಬಂಡೆಯ ಬಿರುಕಿನಲ್ಲಿ ಬೊಗಸೆಯಷ್ಟು ಮಣ್ಣು ಹಿಡಿದುಕೊಂಡು ನಿಂತ ಮರಗಳಿಗೆ ನೀರು ಬೇಗ ತೀರುತ್ತದೆ. ಅವು ಮೊದಲು ಬೋಳಾಗುತ್ತವೆ. ತಪ್ಪಲಿನವು ಅವುಗಳ ಹಿಂದೆ. ಕೆರೆಯಂಗಳಕ್ಕೆ ಹತ್ತಿರವಿರುವವು ಕೊನೆಗೆ. ಹುಣಸೆ ಮರ ಮಾತ್ರ ಬಿಸಿಲು ಏರುವವರೆಗೂ ತನ್ನ ಹಸಿರನ್ನು ಬಿಟ್ಟುಕೊಡುವುದಿಲ್ಲ. ಯಾವ ಜಾಗದ ಮರ ಯಾವಾಗ ಬೋಳಾಯಿತು ಎಂದು ನೋಡಿದರೆ ನೆಲದಡಿಯ ನೀರು ಎಲ್ಲಿದೆ ಎಂದು ಅಂದಾಜು ಮಾಡಬಹುದು.

ಅಮೆರಿಕದಲ್ಲಿರುವ ಮಕ್ಕಳು ಅಕ್ಟೋಬರ್ ಬಂತೆಂದರೆ ಕೆಂಪು ಮೇಪಲ್ ಮರದ ಕೆಳಗೆ ನಿಂತು ತೆಗೆಸಿಕೊಂಡ ಫೋಟೊಗಳನ್ನು ಊರಿಗೆ ಕಳಿಸುತ್ತಾರೆ. ಚೆಂದವೇ. ಅಲ್ಲಿ ಹಗಲು ಕಿರಿದಾಗಿ ಚಳಿ ಹತ್ತಿರ ಬಂದದ್ದನ್ನು ಅರಿತು ಮರ ಎಲೆ ಕಳಚುತ್ತದೆ. ನಮ್ಮ ಕುರುಚಲು ಕಾಡಿನ ಮರಕ್ಕೆ ಚಳಿಯ ಭಯವಿಲ್ಲ, ನೀರಿನದೇ ಚಿಂತೆ. ಅಗಲವಾದ ಎಲೆಯಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹಿಂಗಾರು ಮುಗಿದು ನೆಲ ಒಣಗಿದ ಮೇಲೆ ಅಷ್ಟು ಖರ್ಚು ಮರಕ್ಕೆ ತಾಳುವುದಿಲ್ಲ. ಎಲೆಯಲ್ಲಿರುವ ಸಾರಜನಕ, ರಂಜಕಗಳನ್ನು ಆದಷ್ಟು ಕೊಂಬೆಗೆ ಎಳೆದುಕೊಂಡು, ತೊಟ್ಟಿನ ಬುಡವನ್ನು ಒಳಗಿನಿಂದ ಮುಚ್ಚಿ, ಆಮೇಲೆ ಎಲೆಯನ್ನು ಬೀಳಗೊಡುತ್ತದೆ. ಪತ್ರಹರಿತ್ತು ಕರಗುತ್ತಿದ್ದ ಹಾಗೆ ಅದರಡಿ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ.

ಬೆಟ್ಟದ ಬುಡದಲ್ಲಿ ಮೊದಲು ಹುಡುಕಬೇಕಾದದ್ದು ದಿಂಡಿಗ. ಬೂದುಬಿಳಿ ನುಣುಪು ತೊಗಟೆಯ ಈ ಮರ ನಮ್ಮ ಒಣ ಕಾಡುಗಳಿಗೆ ಹಳೆಯ ಪರಿಚಯ. ಮಾಗಿಯಲ್ಲಿ ಇದರ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಓರೆ ಬಿಸಿಲು ಬಿದ್ದಾಗ ಇಡೀ ಮರ ಕೆಂಪಗೆ ಹೊಳೆಯುತ್ತದೆ. ಊರೊಳಗೆ ಇದೇ ಹೊತ್ತಿಗೆ ಬಾದಾಮಿ ಮರದ ಸರದಿ. ಶಾಲೆಯ ಅಂಗಳ, ಮನೆಯ ಮುಂದೆ ನೆರಳಿಗೆಂದು ನೆಟ್ಟ ಈ ಮರದ ಅಗಲ ಎಲೆಗಳು ಉದುರುವ ಮೊದಲು ಕಡುಗೆಂಪಾಗುತ್ತವೆ. ಮಕ್ಕಳು ಆರಿಸಿ ಪುಸ್ತಕದ ನಡುವೆ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಎಲೆ ಬೇಡ.

ಹೊಂಗೆಯ ವಿಚಾರವೇ ಬೇರೆ. ಅದು ಕೆಂಪಾಗದು. ಶಿವರಾತ್ರಿಯಲ್ಲಿ ಚಳಿ ಶಿವಶಿವಾ ಎಂದು ಹೊರಡುವ ಹೊತ್ತಿಗೆ ಹಳದಿಗೆ ತಿರುಗಿ, ಕೆಲವೇ ದಿನಗಳಲ್ಲಿ ಒಂದೆಲೆಯೂ ಇಲ್ಲದಂತೆ ಉದುರಿ, ನೀವು ಇನ್ನೊಮ್ಮೆ ಆ ದಾರಿಯಲ್ಲಿ ಬರುವಷ್ಟರಲ್ಲಿ ಗಿಳಿಹಸಿರು ತೊಟ್ಟುಕೊಂಡಿರುತ್ತದೆ. ಬಿದ್ದ ಎಲೆಯೊಂದನ್ನು ಅಂಗೈಯಲ್ಲಿಟ್ಟು ನೋಡಿ. ಮೇಲೆ ಬಿಳಿ ಮಚ್ಚೆಗಳು, ಸುಣ್ಣ ಸಿಡಿದ ಹಾಗೆ. ಅದು ಸುಣ್ಣವಲ್ಲ, ಎಲೆಯ ಎರಡು ಪದರಗಳ ನಡುವೆ ಪುಟ್ಟ ಹುಳು ಹಸಿರನ್ನು ಮೇಯ್ದು ಬಿಟ್ಟ ಜಾಗ. ಉಗುರಿನಿಂದ ಮೆಲ್ಲಗೆ ಕೆರೆದರೆ ಮೇಲಿನ ಪೊರೆ ಏಳುತ್ತದೆ, ಒಳಗೆ ಟೊಳ್ಳು. ಏಳೆಂಟು ವರ್ಷದ ಮಗುವಿಗೆ ಇದನ್ನು ತೋರಿಸಿ, ಆಮೇಲೆ ಅದು ಪ್ರತಿ ಎಲೆಯನ್ನೂ ತಿರುಗಿಸಿ ನೋಡದೆ ಮುಂದೆ ಹೋಗುವುದಿಲ್ಲ.

ನಾನು ಹೋಗಿದ್ದ ದಿನ ತಪ್ಪಲಿನ ತೋಟದಂಚಿನಲ್ಲಿ ಅಜ್ಜಿಯೊಬ್ಬರು ತರಗು ಗುಡಿಸಿ ಚೀಲಕ್ಕೆ ತುಂಬುತ್ತಿದ್ದರು. ಜೊತೆಯಲ್ಲಿದ್ದ ಹುಡುಗಿ ತಾನೂ ತಬ್ಬಿಕೊಂಡಷ್ಟು ತಂದು ಹಾಕಿದಳು. "ಮುತ್ತುಗದೆಲೆ ಬ್ಯಾಡ ಕಣವ್ವ, ಅದು ಬಿರ್‍ರನೆ ಕೊಳೆಯಾಕಿಲ್ಲ. ಹೊಂಗೆದು ತಂದಾಕು," ಎಂದು ಅಜ್ಜಿ ಆರಿಸಿ ತೆಗೆದರು. ತರಗು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಾಗಿ, ಗಂಜಲ ಹೀರಿ, ತಿಪ್ಪೆ ಸೇರಿ, ಮುಂಗಾರಿನ ಹೊತ್ತಿಗೆ ರಾಗಿ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆ. ಪೇಟೆಯಲ್ಲಿ ಇದೇ ಎಲೆಯನ್ನು ಬೀದಿಬದಿಯಲ್ಲಿ ರಾಶಿ ಮಾಡಿ ಬೆಂಕಿ ಹಚ್ಚುತ್ತೇವೆ. ಆ ಹೊಗೆ ಕುಡಿದುಕೊಂಡೇ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ. ಈ ಅಜ್ಜಿಯ ಚೀಲವನ್ನು ಅವರು ನೋಡಲೇಬೇಕು.

ಎಲೆಗಿಂತ ಹೂವಿಗೆ ಮನಸೋಲುವವರಿಗೆ ಮುತ್ತುಗವಿದೆ. ಒಂದು ತೊಟ್ಟಿಗೆ ಮೂರು ಎಲೆಯ ಈ ಮರ ಫೆಬ್ರುವರಿಯಲ್ಲಿ ಎಲ್ಲವನ್ನೂ ಉದುರಿಸಿ ಬರಿಗೊಂಬೆಯ ಮೇಲೆ ಕೇಸರಿ ಹೂ ಹೊತ್ತು ನಿಲ್ಲುತ್ತದೆ. ಅದರ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಹೆಣೆದ ಊಟದೆಲೆಗಳನ್ನು ಮದುವೆಮನೆಯಲ್ಲಿ ಕಂಡವರು ಇಂದಿಗೂ ಇದ್ದಾರೆ. ಬೂರುಗದ ಕೆಂಪು ಹೂವಿಗೆ ಮೈನಾ, ಕಾಗೆ, ಅಳಿಲುಗಳ ಸಂತೆಯೇ ನೆರೆಯುತ್ತದೆ. ಬಂಡೆಗಳ ನಡುವೆ ಅರಿಶಿನ ಬೂರುಗ ಕಂಡರೆ ಅಲ್ಲೇ ಕೂತುಬಿಡಿ: ಒಂದೆಲೆಯೂ ಇಲ್ಲದ ಸೊಟ್ಟ ಕೊಂಬೆಯ ತುದಿಯಲ್ಲಿ ಅಂಗೈಯಗಲದ ಹೊಂಬಣ್ಣದ ಹೂ.

ಇಷ್ಟಾದರೂ ನಮ್ಮ ಸೀಮೆಯ ನಿಜವಾದ ಬಣ್ಣ ಉದುರುವ ಎಲೆಯದ್ದಲ್ಲ, ಚಿಗುರಿನದ್ದು ಎಂದೇ ನನ್ನ ನಂಬಿಕೆ. ಮೇಪಲ್ ನಾಡಿನಲ್ಲಿ ಕೆಂಪು ಸಾಯುವ ಎಲೆಗೆ ಬರುತ್ತದೆ; ಇಲ್ಲಿ ಹುಟ್ಟುವ ಎಲೆಗೆ. ಫಾಲ್ಗುಣದಲ್ಲಿ, ಮಳೆಯ ಸುಳಿವೇ ಇಲ್ಲದ ಬಿಸಿಲಿನಲ್ಲಿ, ಅರಳಿ ತಾಮ್ರವರ್ಣದ ತಳಿರು ಬಿಡುತ್ತದೆ. ಬಸರಿಯದು ಕಂಚಿನ ಬಣ್ಣ. ಮಾವಿನದು ನೇರಳೆ ಬೆರೆತ ಕಂದು, ಮುಟ್ಟಿದರೆ ರೇಷ್ಮೆಯಷ್ಟು ಮೆತ್ತಗೆ. ಕಾಡಿನಲ್ಲಿ ಸಾಗಡೆ ಮರ ಸಿಕ್ಕರೆ ರಕ್ತಗೆಂಪು ಚಿಗುರು. ದೂರದಿಂದ ನೋಡಿದವರು ಹೂವೆಂದೇ ತಿಳಿಯುತ್ತಾರೆ. ಎಳೆಯೆಲೆಯ ಈ ಕೆಂಪು ಆಂಥೊಸಯನಿನ್ ಎಂಬ ವರ್ಣದ್ರವ್ಯದ್ದು. ಇನ್ನೂ ಬಲಿಯದ ಎಲೆಯನ್ನು ಅದು ಸುಡುಬಿಸಿಲಿನಿಂದ ಕಾಯುತ್ತದೆ, ಹುಳುಗಳನ್ನು ದೂರವಿಡಲೂ ನೆರವಾಗಬಹುದು ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಆದ್ದರಿಂದ ಸಂಕ್ರಾಂತಿಯ ಆಚೆ ಒಮ್ಮೆ, ಯುಗಾದಿಯ ಈಚೆ ಒಮ್ಮೆ, ಅದೇ ದಾರಿಯಲ್ಲಿ ಎರಡು ಸಲ ಬನ್ನಿ. ಮೊದಲ ಸಲ ಬೋಳಾಗಿದ್ದ ಮರವನ್ನು ಎರಡನೆಯ ಸಲ ಮಕ್ಕಳೇ ಗುರುತು ಹಿಡಿಯಲಿ.

ಕುಟುಂಬದೊಂದಿಗೆ ಹೋಗುವವರಿಗೆ ಹೇಮಗಿರಿಯ ಕಡೆ ಒಳ್ಳೆಯದು. ಮೇಲೆ ದೇವಸ್ಥಾನವಿದೆ, ಹಿರಿಯರು ನಿಧಾನಕ್ಕೆ ಕೂತು ಎದ್ದು ಹತ್ತಬಹುದು. ಕುಂಭಿ ಬೆಟ್ಟದ ಬುಡದಲ್ಲಿ ಸುತ್ತಾಡುವುದಕ್ಕೇನೂ ತೊಂದರೆಯಿಲ್ಲ. ಮೇಲಿನ ಕಡಿದು ಬಂಡೆ ಮಾತ್ರ ಮಕ್ಕಳ ಜಾಗವಲ್ಲ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲು ಕೆಳಗಿಳಿಯಿರಿ. ಈ ಸುತ್ತಿನಲ್ಲಿ ಚಿರತೆ, ಕರಡಿಗಳ ಓಡಾಟವಿದೆ, ಸಂಜೆ ಕವಿಯುವವರೆಗೆ ನಿಲ್ಲಬಾರದು. ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಅತ್ತ ಸದ್ದು ಮಾಡುವುದೂ ಬೇಡ. ದಾರಿ ಹೇಗಿದೆ, ಎಲ್ಲಿಯವರೆಗೆ ಬಿಡುತ್ತಾರೆ ಎಂದು ಅರಣ್ಯ ಇಲಾಖೆಯವರನ್ನೋ ಊರವರನ್ನೋ ಕೇಳಿಯೇ ಮುಂದುವರಿಯಿರಿ.

ಬೆಂಕಿಯ ಮಾತನ್ನು ಒತ್ತಿ ಹೇಳಬೇಕು. ನಾವು ಕಣ್ತುಂಬ ನೋಡಲು ಬರುವ ಈ ತರಗೇ ಕಾಳ್ಗಿಚ್ಚಿನ ಮೇವು. ಫೆಬ್ರುವರಿ, ಮಾರ್ಚಿನಲ್ಲಿ ಒಣಹುಲ್ಲು, ಒಣಎಲೆ ಸೇರಿ ಇಡೀ ತಪ್ಪಲು ಒಂದು ಕಿಡಿಗೆ ಕಾದಿರುತ್ತದೆ. ಸೇದಿ ಎಸೆದ ಬೀಡಿ ತುಂಡು ಸಾಕು, ಅಡುಗೆಗೆಂದು ಹೂಡಿ ಸರಿಯಾಗಿ ಆರಿಸದ ಮೂರು ಕಲ್ಲಿನ ಒಲೆ ಸಾಕು. ನೆಲದಲ್ಲಿ ಗೂಡು ಮಾಡುವ ಹಕ್ಕಿಯ ಮೊಟ್ಟೆ, ಆಮೆ, ಓತಿಕ್ಯಾತ, ಈಗಷ್ಟೇ ಕಣ್ಣು ಬಿಟ್ಟ ಸಸಿ, ಯಾವುದೂ ಉಳಿಯುವುದಿಲ್ಲ. ಅಡುಗೆ ಮನೆಯಲ್ಲೇ ಆಗಲಿ. ಜನವರಿಯಾದರೆ ಸೊಗಡವರೆಯ ಉಪ್ಪಿಟ್ಟು, ಬಿಸಿಲೇರಿದ ಮೇಲಿನ ತಿಂಗಳಾದರೆ ಪುಳಿಯೋಗರೆ, ಮೊಸರನ್ನ. ತುಮಕೂರಿನಿಂದ ಬರುವವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದರೂ ಆಯಿತು. ಪ್ಲಾಸ್ಟಿಕ್ ತಟ್ಟೆ ಬೇಡ, ಬಾಳೆಲೆ ತನ್ನಿ.

ಇಷ್ಟು ದೂರ ಬರಲಾಗದ ತುಮಕೂರಿನವರಿಗೆ ದೇವರಾಯನದುರ್ಗ ಹತ್ತಿರ. ನಾಮದ ಚಿಲುಮೆಯ ಸುತ್ತಲಿನ ಕಾಡಿನಲ್ಲೂ ಇದೇ ಮರಗಳು, ಇದೇ ಕಾಲ; ಜನ ಸ್ವಲ್ಪ ಹೆಚ್ಚು. ಹುಲಿಯೂರುದುರ್ಗಕ್ಕೆ ಕುಣಿಗಲ್, ಮದ್ದೂರು ಎರಡೂ ಕಡೆಯಿಂದ ಬಸ್ಸಿದೆ, ಬೆಂಗಳೂರಿನವರು ಮಾಗಡಿ ಮೇಲೂ ಬರಬಹುದು. ಮಧ್ಯಾಹ್ನ ಮರಳುವಾಗ ಸಮಯವಿದ್ದರೆ ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಇಳಿದುಕೊಳ್ಳಿ. ಜನಪದ ಹಾಡಿನಲ್ಲಿ ಹೆಸರಾದ ಆ ಕೆರೆಯ ನೀರಿನ ಪಸೆ ಹಿಡಿದ ಮರಗಳು ಬೆಟ್ಟದ ಮರಗಳಿಗಿಂತ ಎಷ್ಟು ದಿನ ಹಿಂದಿವೆ ಎಂದು ಮಕ್ಕಳು ಅಲ್ಲಿ ಲೆಕ್ಕ ಹಾಕಲಿ.